ಕಾನೂನು ಕಡೆದ ಕಾರುಗಳು

ಕಾರು ಕೊಂಡವರನ್ನು "ಇದನ್ನೇ ಯಾಕೆ ತಗೊಂಡ್ರಿ?" ಎಂದು ಕೇಳಿ ನೋಡಿ. ಮೈಲೇಜ್ ಚೆನ್ನಾಗಿದೆ ಅನ್ನುತ್ತಾರೆ. ಸರ್ವಿಸ್ ಸೆಂಟರ್ ಮನೆ ಹತ್ತಿರವೇ ಇದೆ ಅನ್ನುತ್ತಾರೆ. ಮಾರುವಾಗ ಒಳ್ಳೆ ರೇಟು ಬರುತ್ತದೆ, ನಮ್ಮ ಭಾವಮೈದುನನ ಹತ್ತಿರವೂ ಇದೇ ಇದೆ, ಹೆಂಡತಿಗೆ ಬಣ್ಣ ಹಿಡಿಸಿತು, ಹೀಗೆ ನೂರು ಕಾರಣ ಹೇಳುತ್ತಾರೆ. ಸರ್ಕಾರ ಆರಿಸಿಕೊಟ್ಟಿತು, ನಾನು ಕೊಂಡೆ ಎಂದವರನ್ನು ಮಾತ್ರ ಈವರೆಗೆ ಕಂಡಿಲ್ಲ. ಆದರೆ ಡಾಲ್ಫಿನ್ ಎಂಬ ಹಳೆಯ ಬೆಂಗಳೂರು ಕಾರಿನ ಜಾಡು ಹಿಡಿದು ಹೊರಟವನಿಗೆ ದಾರಿಯುದ್ದಕ್ಕೂ ಎದುರಾದವರು ಎಂಜಿನಿಯರುಗಳಿಗಿಂತ ಹೆಚ್ಚಾಗಿ ತೆರಿಗೆ ಇಲಾಖೆಯ ಗುಮಾಸ್ತರು. ತಕ್ಕಡಿ ಹಿಡಿದವರು, ಅಳತೆಪಟ್ಟಿ ಹಿಡಿದವರು, ಲೈಸೆನ್ಸಿನ ಮೇಲೆ ಮುದ್ರೆ ಒತ್ತುವವರು.

ಡಾಲ್ಫಿನ್ 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಹೊರತಂದ ಎರಡು ಬಾಗಿಲಿನ ಪುಟ್ಟ ಕಾರು. ಮೈಯೆಲ್ಲ ಫೈಬರ್‌ಗ್ಲಾಸ್. ಶಾಲೆಗೆ ನಡೆದು ಹೋಗುತ್ತಿದ್ದ ನಮ್ಮಂಥ ಹುಡುಗರ ಪಾಲಿಗೆ ಅದು 'ಪ್ಲಾಸ್ಟಿಕ್ ಕಾರು'. ಎಲ್ಲಾದರೂ ನಿಂತಿದ್ದು ಕಂಡರೆ ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುವುದು, ತಗಡಿನ ಸದ್ದು ಬರಲಿಲ್ಲವೆಂದು ಕಿಸಕ್ಕನೆ ನಗುವುದು, ಯಜಮಾನರು ಗೇಟು ತೆರೆದರೆ ಓಟ ಕೀಳುವುದು. ಅದನ್ನು ಕೊಂಡವರು ಯಾಕೆ ಕೊಂಡರು ಎಂಬ ಪ್ರಶ್ನೆ ಆ ವಯಸ್ಸಿಗೆ ಹೊಳೆಯುವಂಥದ್ದಲ್ಲ. ಹೊಳೆಯುವ ವಯಸ್ಸು ಬರುವಷ್ಟರಲ್ಲಿ ಕಾರೇ ರಸ್ತೆಯಿಂದ ಮಾಯವಾಗಿತ್ತು.

ಬೆಂಗಳೂರಿನ ಕಾರು ಎಂದು ನಾವು ಹೇಳಿಕೊಂಡರೂ ಡಾಲ್ಫಿನ್ನಿನ ತವರು ಇಂಗ್ಲೆಂಡಿನ ನಡುಭಾಗದ ಟ್ಯಾಮ್‌ವರ್ತ್ ಎಂಬ ಊರು. ಅಲ್ಲಿ ರಿಲಯಂಟ್ ಎಂಬ ಕಂಪನಿ ಇತ್ತು. ನಮ್ಮ ಅಂಬಾನಿಯವರ ರಿಲಯನ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆ ಕಂಪನಿ 1975ರಲ್ಲಿ ಹೊರತಂದ 'ಕಿಟನ್' ಎಂಬ ಕಾರೇ ಏಳೆಂಟು ವರ್ಷದ ನಂತರ ಹೆಸರು ಬದಲಿಸಿಕೊಂಡು ಬೆಂಗಳೂರಿನಲ್ಲಿ ಡಾಲ್ಫಿನ್ ಆಯಿತು. ಕಿಟನ್‌ಗೆ ಒಬ್ಬ ಅಣ್ಣ ಇದ್ದ, ಹೆಸರು ರಾಬಿನ್. ಆ ಅಣ್ಣನಿಗೆ ಇದ್ದದ್ದು ಮೂರೇ ಚಕ್ರ. ನನ್ನ ಹುಡುಕಾಟ ದಾರಿ ತಪ್ಪಿದ್ದು ಇಲ್ಲೇ. ಡಾಲ್ಫಿನ್ ಪಕ್ಕಕ್ಕೆ ಸರಿದು, ಬ್ರಿಟಿಷರು ಮೂರು ಚಕ್ರದ ಕಾರನ್ನು ಯಾಕಾದರೂ ಕೊಳ್ಳುತ್ತಿದ್ದರು ಎಂಬುದೇ ತಲೆ ತಿನ್ನತೊಡಗಿತು.

ಉತ್ತರ ಅವರ ಕಾನೂನಿನಲ್ಲಿತ್ತು. ಇಷ್ಟು ತೂಕಕ್ಕಿಂತ ಕಡಿಮೆ ಇರುವ ಮೂರು ಚಕ್ರದ ವಾಹನವನ್ನು ಬ್ರಿಟನ್ನಿನ ಸರ್ಕಾರ ಮೋಟಾರು ಬೈಕಿನ ಬಳಗಕ್ಕೆ ಸೇರಿಸಿತ್ತು. ತೆರಿಗೆ ಕಡಿಮೆ. ಓಡಿಸುವುದಕ್ಕೆ ಕಾರಿನ ಲೈಸೆನ್ಸ್ ಬೇಡ, ಬೈಕಿನದೇ ಸಾಕು. ಯುದ್ಧ ಮುಗಿದ ಮೇಲಿನ ಇಂಗ್ಲೆಂಡನ್ನು ನೆನೆಸಿಕೊಳ್ಳಿ. ಗಣಿಯಲ್ಲೋ ಮಿಲ್ಲಿನಲ್ಲೋ ದುಡಿಯುವವನು, ಬೈಕಿಗೆ ಸೈಡ್‌ಕಾರ್ ಕಟ್ಟಿ ಅದರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ನೆನೆಯುತ್ತ ಹೋಗುವವನು. ಕಾರು ಬೇಕು, ಆದರೆ ಹೊಸದಾಗಿ ಡ್ರೈವಿಂಗ್ ಟೆಸ್ಟಿಗೆ ಹೋಗಿ ನಿಲ್ಲುವ ಧೈರ್ಯವಿಲ್ಲ, ಪೂರ್ತಿ ತೆರಿಗೆ ಕಟ್ಟುವ ಶಕ್ತಿಯಿಲ್ಲ. ಅವನಿಗೆ ರಿಲಯಂಟ್ ಒಂದು ಸೂರು ಕೊಟ್ಟಿತು. ಅವನು ಮೂರು ಚಕ್ರ ಇಷ್ಟಪಟ್ಟು ಕೊಳ್ಳಲಿಲ್ಲ. ನಾಲ್ಕನೆಯ ಚಕ್ರಕ್ಕೆ ತಗಲುವ ತೆರಿಗೆಯಿಂದ ಪಾರಾಗಲು ಕೊಂಡ.

ಇದಕ್ಕಿಂತ ವಿಚಿತ್ರವಾದ ಕಲಮೂ ಒಂದಿತ್ತು. ಒಂದು ಕಾಲದವರೆಗೆ ಬೈಕಿನ ಲೈಸೆನ್ಸಿನಲ್ಲಿ ಮೂರು ಚಕ್ರದ ಕಾರು ಓಡಿಸಬೇಕೆಂದರೆ ಆ ಕಾರಿಗೆ ರಿವರ್ಸ್ ಗೇರ್ ಇರಕೂಡದು! ಬೈಕಿಗೆ ರಿವರ್ಸ್ ಇಲ್ಲವಲ್ಲ, ಹಾಗಾಗಿ. 1950ರ ದಶಕದ ಕೊನೆಯಲ್ಲಿ ಬ್ರೈಟನ್ ನಗರದಲ್ಲಿ ಇಸೆಟ್ಟಾ ಎಂಬ ಮೊಟ್ಟೆಯಾಕಾರದ ಕಾರನ್ನು ತಯಾರಿಸುತ್ತಿದ್ದರು. ಇಟಲಿಯ ಕಲ್ಪನೆ, ಜರ್ಮನಿಯ ಬಿಎಂಡಬ್ಲ್ಯು ಎಂಜಿನ್. ಅದರ ಬಾಗಿಲು ಇದ್ದದ್ದು ಮೂತಿಯಲ್ಲಿ. ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ಮುಂಭಾಗವನ್ನೇ ತೆಗೆದು ಒಳಗೆ ಕೂರಬೇಕು. ಅಂಥ ಕಾರಿನಿಂದ ಬ್ರಿಟನ್ನಿನ ಗಿರಾಕಿಗಾಗಿ ರಿವರ್ಸ್ ಗೇರನ್ನೂ ಕಿತ್ತರು. ಗೋಡೆಗೆ ಮೂತಿ ಒತ್ತಿ ನಿಲ್ಲಿಸಿದನೋ, ಗಿರಾಕಿ ಕೆಟ್ಟ. ಬಾಗಿಲು ತೆರೆಯುವ ಹಾಗಿಲ್ಲ, ಹಿಂದೆ ಬರುವ ಹಾಗೂ ಇಲ್ಲ. ಯಾರಾದರೂ ಬಂದು ಹಿಂದಕ್ಕೆ ನೂಕಬೇಕು. ಕಾನೂನಿನ ಅಕ್ಷರವನ್ನು ಪಾಲಿಸಿದ ಪ್ರಾಮಾಣಿಕ ನಾಗರಿಕನಿಗೆ ಸಿಕ್ಕಿದ ಬಹುಮಾನ ಇದು.

ರಿಲಯಂಟ್ ಕಾರಿನ ಮೈ ಫೈಬರ್‌ಗ್ಲಾಸ್ ಆದದ್ದಕ್ಕೆ ತೂಕದ ಈ ಮಿತಿಯೂ ಒಂದು ಕಾರಣ, ತಗಡನ್ನು ಒತ್ತುವ ದೊಡ್ಡ ಪ್ರೆಸ್ ಯಂತ್ರಗಳಿಗೆ ಬಂಡವಾಳ ಇಲ್ಲದ್ದು ಇನ್ನೊಂದು. ಎಂಜಿನ್ನನ್ನೂ ಎರಕದ ಕಬ್ಬಿಣದ ಬದಲು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ತಕ್ಕಡಿಗೆ ಹೆದರಿ ಹುಟ್ಟಿದ ಆ ಎಂಜಿನ್ ಬೆಳೆಯುತ್ತ ಬೆಳೆಯುತ್ತ 848 ಸಿಸಿಗೆ ಬಂತು. ಆಮೇಲೆ ಅವರಿಗೆ ನಾಲ್ಕು ಚಕ್ರದ ಆಸೆ ಹುಟ್ಟಿ ಕಿಟನ್ ಮಾಡಿದರು. ಚಕ್ರ ಒಂದು ಹೆಚ್ಚಾದದ್ದೇ ತಡ, ಬೈಕಿನ ಬಳಗದಿಂದ ಹೊರಬಿತ್ತು, ರಿಯಾಯಿತಿ ಹೋಯಿತು. ಮಿನಿಯಂಥ ಕಾರಿನ ಎದುರು ಬೆಲೆಯಲ್ಲೂ ನಿಲ್ಲಲಾರದೆ, ಕೆಲವೇ ಸಾವಿರ ಮಾರಾಟವಾಗಿ, 1982ರಲ್ಲಿ ಅಲ್ಲಿ ಅದರ ಕತೆ ಮುಗಿಯಿತು. ಅಲ್ಲಿ ಮುಗಿದದ್ದು ಇಲ್ಲಿ ಶುರುವಾಯಿತು.

ಇಲ್ಲಿ ಆಗಲೇ ಇನ್ನೊಂದು ಕತೆ ನಡೆದಿತ್ತು. ಸಿಪಾನಿಯವರದೇ ಹಿಂದಿನ ಅವತಾರವಾದ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ 70ರ ದಶಕದ ನಡುವೆ ಬೆಂಗಳೂರಿನಲ್ಲಿ 'ಬಾದಲ್' ಎಂಬ ಕಾರು ಮಾಡುತ್ತಿತ್ತು. ಮುಂದೆ ಒಂದು ಚಕ್ರ, ಹಿಂದೆ ಎರಡು; ಹಿಂಭಾಗದಲ್ಲಿ ಇನ್ನೂರು ಸಿಸಿಯ ಆಸುಪಾಸಿನ ಪುಟ್ಟ ಎಂಜಿನ್; ಮೈಗೆ ಫೈಬರ್‌ಗ್ಲಾಸ್. ಆಟೊರಿಕ್ಷಾಕ್ಕೆ ಕೋಟು ತೊಡಿಸಿದ್ದಾರೆ ಎಂದು ಕಂಡವರು ಆಡಿಕೊಳ್ಳುವುದಕ್ಕೆ ಬೇಕಾದ ಲಕ್ಷಣವೆಲ್ಲ ಇತ್ತು. ಆದರೂ ನಾಲ್ಕು ಜನರನ್ನು ಮಳೆಯಲ್ಲಿ ನೆನೆಯದಂತೆ ಒಯ್ಯುವ, ಈ ಊರಿನಲ್ಲೇ ಮಾಡಿದ ಕಾರು ಅದು. ಮೂರು ಚಕ್ರ ಮಾಡುತ್ತಿದ್ದ ಬೆಂಗಳೂರಿನವರು ನಾಲ್ಕು ಚಕ್ರ ಕಲಿಯಲು ಹೋದದ್ದು ಮೂರು ಚಕ್ರಕ್ಕೇ ಹೆಸರಾದ ಇಂಗ್ಲೆಂಡಿನ ಕಂಪನಿಯ ಬಳಿಗೆ. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೇನೆ.

ಆ ದಿನಗಳಲ್ಲಿ ಕಾರು ಆರಿಸುವ ಪ್ರಶ್ನೆಯೇ ಇರಲಿಲ್ಲ ಎನ್ನಿ. ಯಾರು ಎಷ್ಟು ಕಾರು ಮಾಡಬೇಕು ಎಂಬುದನ್ನು ದೆಹಲಿಯ ಪರವಾನಗಿ ನಿರ್ಧರಿಸುತ್ತಿತ್ತು. ಕಲ್ಕತ್ತದ ಬಳಿಯ ಉತ್ತರಪಾಡಾದಿಂದ ಬರುವ ಅಂಬಾಸಿಡರ್, ಬೊಂಬಾಯಿಯ ಕುರ್ಲಾದಿಂದ ಬರುವ ಫಿಯೆಟ್ (ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ನಾಮಕರಣವಾದ ಮೇಲೂ ಜನ ಫಿಯೆಟ್ಟೇ ಅಂದರು), ಮದ್ರಾಸಿನ ಸ್ಟ್ಯಾಂಡರ್ಡ್. ದುಡ್ಡು ಕಟ್ಟಿ, ಸರದಿಗೆ ಹೆಸರು ಬರೆಸಿ, ವರ್ಷಗಟ್ಟಲೆ ಕಾಯುವುದು. ಸರ್ಕಾರಿ ಅಧಿಕಾರಿಗೆ ಅಂಬಾಸಿಡರ್, ಡಾಕ್ಟರಿಗೆ ಫಿಯೆಟ್. ಮದುವೆ ಮಾತುಕತೆಯಲ್ಲಿ ಹುಡುಗನ ಮನೆಯಲ್ಲಿ ಕಾರಿದೆ ಎಂದರೆ ಸಾಕಿತ್ತು, ಯಾವ ಕಾರು ಎಂದು ಕೇಳುವ ಅಗತ್ಯವಿರಲಿಲ್ಲ. ಇಂಥ ಕಾಲದಲ್ಲಿ ಪ್ರೆಸ್ ಇಲ್ಲದೆ, ಡೈ ಇಲ್ಲದೆ ಕಾರು ಮಾಡುತ್ತೇನೆ ಎಂದು ಹೊರಟವನ ಕೈಗೆ ಎಟುಕುವ ಸಾಮಗ್ರಿ ಫೈಬರ್‌ಗ್ಲಾಸ್ ಒಂದೇ.

ಅದರ ಕೆಲಸ ನೋಡಬೇಕೆಂದೇ ಪೀಣ್ಯದ ಒಂದು ಶೆಡ್ಡಿಗೆ ಹೋಗಿದ್ದೆ. ಕಾರು ಮಾಡುವ ಶೆಡ್ಡಲ್ಲ. ಮಕ್ಕಳ ಪಾರ್ಕಿನ ಜಾರುಬಂಡೆ, ಅಂಗಡಿಯ ಮುಂದೆ ನಿಲ್ಲಿಸುವ ಗೊಂಬೆ ಮಾಡುವ ಜಾಗ. ಆದರೆ ಕ್ರಮ ಅದೇ. ಮೊದಲು ಅಚ್ಚಿಗೆ ಮೇಣ ಉಜ್ಜಿ ಕನ್ನಡಿಯ ಹಾಗೆ ಮಿನುಗಿಸುತ್ತಾರೆ. ಅದರ ಮೇಲೆ ಬಣ್ಣ ಬೆರೆಸಿದ ಜೆಲ್‌ಕೋಟ್. ಅದು ಕೈಗೆ ಅಂಟುವಷ್ಟು ಒಣಗಿದಾಗ ಗಾಜಿನ ನೂಲಿನ ಮ್ಯಾಟನ್ನು ಹರಿದು ಹಾಸುತ್ತಾರೆ. ಕತ್ತರಿಸುವುದಿಲ್ಲ, ಹರಿಯುತ್ತಾರೆ, ಹರಿದ ಅಂಚು ಪಕ್ಕದ ತುಂಡಿನ ಜೊತೆ ಚೆನ್ನಾಗಿ ಬೆರೆಯುತ್ತದಂತೆ. ರೆಸಿನ್ನಿಗೆ ಹಾರ್ಡನರ್ ಸುರಿದು ಕಲೆಸಿದ ಕೂಡಲೇ ಕೈ ಬೇಗ ಓಡಬೇಕು, ಇಲ್ಲವಾದರೆ ಡಬ್ಬದಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಬ್ರಶ್ಶಿನಲ್ಲಿ ಮೆತ್ತಿ, ಉಬ್ಬುತಗ್ಗಿನ ಸಣ್ಣ ಕಬ್ಬಿಣದ ರೋಲರ್ ಉರುಳಿಸಿ ಒಳಗೆ ಸೇರಿದ ಗಾಳಿಗುಳ್ಳೆಗಳನ್ನು ಅಂಚಿಗೆ ಓಡಿಸುತ್ತಾರೆ. ಒಂದು ಗುಳ್ಳೆ ಉಳಿದರೂ ನಾಳೆ ಬಿರುಕು ಬಿಡುವುದು ಅಲ್ಲೇ. ಮೂಗಿಗೆ ಅಡರುವ ವಾಸನೆ, ತೋಳಿಗೆಲ್ಲ ತುರಿಕೆ. ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಆ ಗಾಜಿನ ಎಳೆಗಳು ಶರ್ಟಿನ ಕಾಲರಿನಲ್ಲಿ ಉಳಿದಿದ್ದವು. ಒಂದು ಕಾರಿನ ಮೈಯನ್ನು ಹೀಗೆ ಕೈಯಲ್ಲೇ ಮೆತ್ತಿ ತೆಗೆಯುವುದೆಂದರೆ, ಬಿಡಿ, ಅದನ್ನು ಕಾರ್ಖಾನೆ ಎನ್ನುವುದಕ್ಕಿಂತ ಮಡಕೆ ಮಾಡುವ ಕೇರಿ ಎನ್ನಬೇಕು.

ಡಾಲ್ಫಿನ್ನಿಗೆ ಗಿರಾಕಿಗಳು ಸಿಕ್ಕರು. ತುಕ್ಕು ಹಿಡಿಯದ ಮೈ, ಹಗುರ, ಪೆಟ್ರೋಲು ಕಡಿಮೆ ಕುಡಿಯುವ ಎಂಜಿನ್. ಎಲ್ಲರಿಗಿಂತ ಮುಂಚೆ ಅದರ ಬೆಲೆ ಕಂಡುಕೊಂಡವರು ರ‍್ಯಾಲಿ ಮತ್ತು ರೇಸಿನ ಹುಡುಗರು. ಭಾರಿ ಅಂಬಾಸಿಡರ್, ಫಿಯೆಟ್ಟುಗಳ ನಡುವೆ ಈ ಹಗುರ ಕಾರು ತಿರುವುಗಳಲ್ಲಿ ಚುರುಕಾಗಿತ್ತು. ಇಂಗ್ಲೆಂಡಿನ ತೆರಿಗೆ ತಪ್ಪಿಸಲು ಇಳಿಸಿದ ತೂಕ ಇಲ್ಲಿ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಉಪಯೋಗಕ್ಕೆ ಬಂತು. ಆದರೆ ಕಾರು ಕಂಪನಿಯನ್ನು ಸಾಕುವವರು ರ‍್ಯಾಲಿ ಹುಡುಗರಲ್ಲ, ಸಂಸಾರಸ್ಥರು. ಸಂಸಾರಸ್ಥರ ಲೆಕ್ಕದಲ್ಲಿ ಎರಡು ಬಾಗಿಲು ಎಂದರೆ ಮಹಾ ಸಂಕಟ. ಅತ್ತೆಯವರು ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟು ಮಡಚಿ, ಸೀರೆಯ ನೆರಿಗೆ ಎತ್ತಿ ಹಿಡಿದು, ತಲೆ ತಗ್ಗಿಸಿ ತೂರಬೇಕು. ಅತ್ತೆಯವರನ್ನು ಮುಂದೆ ಕೂರಿಸೋಣವೆಂದರೆ ಮಾವನವರ ಮಂಡಿನೋವು. ಈ ದೇಶದಲ್ಲಿ ಎರಡು ಬಾಗಿಲಿನ ಕಾರು ಯಾಕೆ ಎಂದೂ ನೆಲೆಯೂರಲಿಲ್ಲ ಎಂಬುದಕ್ಕೆ ಮಾರುಕಟ್ಟೆ ಸಮೀಕ್ಷೆ ಬೇಕಿಲ್ಲ, ಒಂದು ಸಂಡೇ ಮನೆಮಂದಿಯನ್ನೆಲ್ಲ ಹತ್ತಿಸಿ ಇಳಿಸಿ ನೋಡಿದರೆ ಸಾಕು.

ಅಷ್ಟರಲ್ಲಿ ಮಾರುತಿ ಬಂತು. 1983ರಲ್ಲಿ ಬುಕಿಂಗ್ ತೆರೆದಾಗ ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಕಣ್ಣಿಗೆ ಕಾಣದ ಕಾರಿಗೆ! ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕೀಲಿಯನ್ನು ದೆಹಲಿಯ ಇಂಡಿಯನ್ ಏರ್‌ಲೈನ್ಸ್ ನೌಕರರೊಬ್ಬರ ಕೈಗಿತ್ತರು. ಆತ 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಬಿಟ್ಟುಕೊಡಲಿಲ್ಲ. ನಾಲ್ಕು ಬಾಗಿಲು, 796 ಸಿಸಿ, ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಎಂಜಿನ್. ಬೆಲೆ ಐವತ್ತು ಸಾವಿರದ ಆಸುಪಾಸು. ಮೇಲಾಗಿ ಅದು ಸರ್ಕಾರದ್ದೇ ಕಂಪನಿ. ಬೆಂಗಳೂರಿನ ಫೈಬರ್ ಕಾರಿಗೆ ಇನ್ನೇನು ಉಳಿಯಿತು?

ಮಾರುತಿಯನ್ನು ಭಾರತದ ಸಂಸಾರಕ್ಕೆಂದೇ ಅಳೆದು ಹೊಲಿದ ಕಾರು ಎಂದು ಹೊಗಳುತ್ತಾರೆ. ಅಳತೆ ತೆಗೆದದ್ದು ಬೇರೆಯವರ ಮೈಯದು. ಜಪಾನಿನಲ್ಲಿ 'ಕೇ' ಎಂಬ ಸಣ್ಣ ಕಾರುಗಳ ವರ್ಗವಿದೆ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ, ವಿಮೆ ಕಡಿಮೆ. ಕಾರು ಕೊಳ್ಳುವ ಮುಂಚೆ ನಿಲ್ಲಿಸಲು ಸ್ವಂತ ಜಾಗವಿದೆ ಎಂದು ಪೊಲೀಸರಿಗೆ ದಾಖಲೆ ತೋರಿಸುವ ನಿಯಮ ಅಲ್ಲಿದೆ; ಬಹಳಷ್ಟು ಊರುಗಳಲ್ಲಿ ಕೇ ಕಾರಿಗೆ ಅದರಿಂದಲೂ ಬಿಡುಗಡೆ. 1976ರಲ್ಲಿ ಆ ಮಿತಿಯನ್ನು 3.2 ಮೀಟರ್ ಉದ್ದಕ್ಕೂ 550 ಸಿಸಿಗೂ ಏರಿಸಿದರು. ಸುಜುಕಿಯ ಆಲ್ಟೊ ಆ ಚೌಕಟ್ಟಿಗೆ ಹುಟ್ಟಿದ ಕೂಸು. ಹೊರದೇಶಕ್ಕೆ ಕಳಿಸುವಾಗ ಎಂಜಿನ್ ದೊಡ್ಡದು ಹಾಕಿದರೇ ಹೊರತು ಮೈಯ ಅಳತೆ ಹೆಚ್ಚೂಕಡಿಮೆ ಅದೇ ಉಳಿಯಿತು. ನಮ್ಮ ಮೊದಲ ಮಾರುತಿ 800 ಅದೇ. ಗಂಡ, ಹೆಂಡತಿ, ಮೂರು ಮಕ್ಕಳು, ಅಜ್ಜಿ ಮತ್ತು ಪುಳಿಯೋಗರೆಯ ಡಬ್ಬಿ ಸಮೇತ ಒಂದು ಪೀಳಿಗೆ ಧರ್ಮಸ್ಥಳಕ್ಕೂ ತಿರುಪತಿಗೂ ಮಂಡಿ ಮಡಚಿ ಕೂತು ಹೋಯಿತಲ್ಲ, ಆ ಮಂಡಿಗಳ ಜಾಗ ನಿಗದಿಯಾದದ್ದು ಟೋಕಿಯೊದ ಯಾವುದೋ ಕಚೇರಿಯಲ್ಲಿ.

ಸಿಪಾನಿಯವರು ಹಿಂದಿನ ಸೀಟಿಗೂ ಬಾಗಿಲಿಟ್ಟು 'ಮೊಂಟಾನಾ' ಮಾಡಿದರು. ಡೀಸೆಲ್ ಎಂಜಿನ್ ಕೂರಿಸಿ ನೋಡಿದರು. ಉದಾರೀಕರಣ ಬಂದ ಮೇಲೆ ಬ್ರಿಟನ್ನಿನ ರೋವರ್ ಕಂಪನಿಯ ಮೊಂಟೆಗೊ ಎಂಬ ದೊಡ್ಡ ಕಾರನ್ನು ಇಲ್ಲಿ ಜೋಡಿಸಿ ಮಾರಲು ಹೋದರು. ಅದನ್ನು ಕೊಂಡವರು ಬೆರಳೆಣಿಕೆ. ಅಲ್ಲಿಗೆ ಸರಿ. ಇವತ್ತು ಬಾದಲ್, ಡಾಲ್ಫಿನ್ ನೋಡಬೇಕೆಂದರೆ ಹಳೆ ಕಾರು ಸಾಕುವ ಹವ್ಯಾಸಿಗಳ ಶೆಡ್ಡು ಹುಡುಕಬೇಕು. ಫೈಬರ್‌ಗೆ ತುಕ್ಕಿಲ್ಲ, ಕೊಳೆಯುವುದೂ ಇಲ್ಲ; ಆದರೂ ಅವುಗಳನ್ನು ಇಲ್ಲವಾಗಿಸಿದ್ದೇವೆ. ವಿಮಾನ ಮಾಡಿದ ಊರು, ಟೆಲಿಫೋನು ಮಾಡಿದ ಊರು, ಗಡಿಯಾರ ಮಾಡಿದ ಊರು ಎಂದು ಎದೆಯುಬ್ಬಿಸುವ ನಗರಕ್ಕೆ ಕಾರು ಮಾಡಿದ ಊರು ಎಂಬುದು ಮಾತ್ರ ನೆನಪಿನಲ್ಲಿ ಉಳಿಯಲಿಲ್ಲ. ಇದು ನನಗೆ ಸಿಟ್ಟು ತರಿಸುವ ವಿಷಯ, ಹಾಗಾಗಿ ಇಲ್ಲಿಗೇ ನಿಲ್ಲಿಸುತ್ತೇನೆ.

ಇಂಗ್ಲೆಂಡಿನಿಂದ ಬೆಂಗಳೂರಿಗೆ ಬಂದ ಈ ದಾರಿಯಲ್ಲೇ ಎರಡು ದಶಕದ ನಂತರ ಬೆಂಗಳೂರಿನ ಕಾರೊಂದು ಇಂಗ್ಲೆಂಡಿಗೆ ಹೋಯಿತು. ರೇವಾ. ಬೆಂಗಳೂರಿನ ಮೈನಿ ಉದ್ಯಮ ಬಳಗವೂ ಅಮೆರಿಕದ ಕಂಪನಿಯೊಂದೂ ಸೇರಿ 1994ರಲ್ಲಿ ಶುರು ಮಾಡಿದ ಸಾಹಸ. ಹಿಂದಿದ್ದವರು ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೂರ್ಯನ ಬಿಸಿಲಿನಿಂದ ಓಡುವ ಕಾರು ಕಟ್ಟಿದ ತಂಡದಲ್ಲಿದ್ದವರು. ಆ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆ ಗೆದ್ದು ಆಸ್ಟ್ರೇಲಿಯಾದ ರೇಸಿನವರೆಗೂ ಹೋಗಿತ್ತು. ಬೆಂಗಳೂರಿನಲ್ಲಿ 2001ರಲ್ಲಿ ರಸ್ತೆಗಿಳಿದ ಕಾರಿಗೆ ಅವರ ತಾಯಿಯ ಹೆಸರು. ಎರಡೂವರೆ ಮೀಟರಿಗೆ ತುಸು ಹೆಚ್ಚು ಉದ್ದ, ಎರಡು ಬಾಗಿಲು, ಗುದ್ದಿದರೆ ಸೊಟ್ಟಗಾಗದ ಪ್ಲಾಸ್ಟಿಕ್ ಮೈ. ಮುಂದಿನ ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ, ನಮ್ಮ ಮನೆಗಳ ಯುಪಿಎಸ್ ಬ್ಯಾಟರಿಯ ಜಾತಿಯವೇ. ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಒಂಬತ್ತು ಹತ್ತು ಯೂನಿಟ್ ಕರೆಂಟ್ ಕುಡಿದರೆ ಸುಮಾರು 80 ಕಿಲೋಮೀಟರ್.

ಬೆಂಗಳೂರು ಅದನ್ನು ಮುದ್ದಿಸಿತು, ಕೊಳ್ಳಲಿಲ್ಲ. ಕೊಂಡವರು ಹೆಚ್ಚಾಗಿ ಸ್ವಂತ ಗ್ಯಾರೇಜು ಇದ್ದವರು, ಮನೆಯಲ್ಲಿ ಆಗಲೇ ಇನ್ನೊಂದು ಕಾರಿದ್ದವರು. ಜಯನಗರದ ಕಾಂಪೌಂಡೊಂದರೊಳಗೆ ಕಿಟಕಿಯ ಸರಳಿನ ನಡುವಿನಿಂದ ವೈರು ಎಳೆದು ರೇವಾಕ್ಕೆ ಚುಚ್ಚಿದ್ದನ್ನು ನಾನು ನೋಡಿದ್ದೇನೆ. ಆ ಕಿಟಕಿ ಸೊಳ್ಳೆಗೆ ಎಂದೂ ಮುಚ್ಚುವ ಹಾಗಿರಲಿಲ್ಲ. ಮಾರುತಿ 800ಕ್ಕೆ ಕೊಡುವಷ್ಟೋ ಅದಕ್ಕಿಂತ ಹೆಚ್ಚೋ ಕೊಟ್ಟು, ಮೈಸೂರು ಮುಟ್ಟದ ಕಾರನ್ನು ಯಾರು ಕೊಳ್ಳುತ್ತಾರೆ? ಪೆಟ್ರೋಲು ಉಳಿಯುತ್ತದೆ ನಿಜ. ಆದರೆ ರೇವಾ ಕೊಂಡವನಿಗೆ ಈ ಊರಿನ ಯಾವ ಕಾನೂನೂ ಮೈಮೇಲೆ ಕೈಯಾಡಿಸಲಿಲ್ಲ.

ಲಂಡನ್ನಿನಲ್ಲಿ ಆಡಿಸಿತು. 2003ರ ಫೆಬ್ರುವರಿ 17ರಂದು ಮೇಯರ್ ಕೆನ್ ಲಿವಿಂಗ್‌ಸ್ಟನ್ ನಗರದ ನಡುಭಾಗಕ್ಕೆ ಕಾರು ತಂದವರ ಮೇಲೆ ದಿನಕ್ಕೆ ಐದು ಪೌಂಡಿನ ಸುಂಕ ಹಾಕಿದರು. ಗೇಟಿಲ್ಲ, ಟೋಲ್ ಬೂತಿಲ್ಲ. ಕ್ಯಾಮೆರಾ ನಂಬರ್ ಪ್ಲೇಟು ಓದುತ್ತದೆ, ಕಟ್ಟದವರ ಮನೆಗೆ ದಂಡದ ಚೀಟಿ ಬರುತ್ತದೆ. ಎಲೆಕ್ಟ್ರಿಕ್ ಕಾರಿಗೆ ಆಗ ಮಾಫಿ ಇತ್ತು. ರಸ್ತೆ ತೆರಿಗೆಯೂ ಇರಲಿಲ್ಲ. ವೆಸ್ಟ್‌ಮಿನ್‌ಸ್ಟರ್‌ನಂಥ ಕಡೆ ಪಾರ್ಕಿಂಗೂ ಬಿಟ್ಟಿಯಾಗಿತ್ತು. ವರ್ಷಕ್ಕೆ 250 ದಿನ ಆಫೀಸಿಗೆ ಹೋಗುವವನಿಗೆ ಸುಂಕದಲ್ಲೇ 1,250 ಪೌಂಡ್ ಉಳಿತಾಯ. 2005ರಲ್ಲಿ ಸುಂಕ ಎಂಟು ಪೌಂಡಿಗೆ ಏರಿದಾಗ ಉಳಿತಾಯವೂ ಏರಿತು. ಪಾರ್ಕಿಂಗ್ ದುಡ್ಡು ಸೇರಿಸಿದರೆ ಏಳೆಂಟು ಸಾವಿರ ಪೌಂಡಿನ ಕಾರು ಕೆಲವೇ ವರ್ಷದಲ್ಲಿ ತನ್ನ ದುಡ್ಡು ತಾನೇ ದುಡಿದು ಕೊಡುತ್ತಿತ್ತು. ಗೋಯಿನ್‌ಗ್ರೀನ್ ಎಂಬ ಕಂಪನಿ ನಮ್ಮ ರೇವಾವನ್ನು 'ಜಿ-ವಿಝ್' ಎಂಬ ಹೆಸರಿನಲ್ಲಿ ಅಲ್ಲಿ ಮಾರತೊಡಗಿತು. ಬೊಮ್ಮಸಂದ್ರದಲ್ಲಿ ಹುಟ್ಟಿದ ಕಾರು ಕೆನ್ಸಿಂಗ್ಟನ್ನಿನ ಮನೆಗಳ ಮುಂದೆ ನಿಂತಿತು. ವಕೀಲರು, ಟೀವಿ ತಾರೆಯರು ಓಡಿಸಿದರು. ಒಂದು ಕಾಲಕ್ಕೆ ಆ ಒಂದು ನಗರದಲ್ಲೇ ಸಾವಿರದ ಆಸುಪಾಸು ಜಿ-ವಿಝ್‌ಗಳು ಓಡುತ್ತಿದ್ದವು.

ಅದು ಅಲ್ಲಿ ಕಾನೂನಿನ ಕಣ್ಣಿಗೆ ಕಾರೇ ಆಗಿರಲಿಲ್ಲ ಎಂಬುದು ಈ ಕತೆಯ ಸ್ವಾರಸ್ಯ. ಬ್ಯಾಟರಿ ಬಿಟ್ಟು 400 ಕೆ.ಜಿ. ಮೀರದ, 15 ಕಿಲೋವ್ಯಾಟ್ ದಾಟದ ನಾಲ್ಕು ಚಕ್ರದ ಗಾಡಿಗೆ ಯುರೋಪಿನಲ್ಲಿ ಆಗ 'ಕ್ವಾಡ್ರಿಸೈಕಲ್' ಎಂಬ ಬೇರೆ ವರ್ಗವಿತ್ತು. ಮತ್ತೆ ಅದೇ ತಕ್ಕಡಿ! ಆ ವರ್ಗಕ್ಕೆ, ಕಾರಿಗೆ ಇರುವ ಡಿಕ್ಕಿ ಪರೀಕ್ಷೆಯ ಕಡ್ಡಾಯವಿರಲಿಲ್ಲ. 2007ರಲ್ಲಿ 'ಟಾಪ್ ಗೇರ್' ಪತ್ರಿಕೆ ತಾನೇ ಒಂದು ಜಿ-ವಿಝ್ ತಂದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿತು. ಒಳಗಿದ್ದವರು ಬದುಕುವುದು ಕಷ್ಟ ಎಂಬಂಥ ಫಲಿತಾಂಶ. ಗಲಾಟೆ ಎದ್ದಿತು. ಸರ್ಕಾರವೂ ತನ್ನ ಪರೀಕ್ಷೆ ಮಾಡಿಸಿತು. ಇದು ಊರೊಳಗೆ ನಿಧಾನವಾಗಿ ಓಡಾಡಲಿಕ್ಕೆ ಮಾಡಿದ ಗಾಡಿ, ಹೆದ್ದಾರಿಯ ಅಳತೆಗೋಲು ಇದಕ್ಕೆ ಹಿಡಿಯಬೇಡಿ ಎಂದು ಮಾರುವವರ ವಾದ. ಮುಂದಿನ ಮಾದರಿಗಳಲ್ಲಿ ಬ್ರೇಕು, ಚೌಕಟ್ಟು ಸುಧಾರಿಸಿದವು. 2010ರಲ್ಲಿ ಲಂಡನ್ನಿನ ಅಪಘಾತವೊಂದರಲ್ಲಿ ಜಿ-ವಿಝ್ ಓಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು.

ಈ ಜಗಳದಲ್ಲಿ ನನ್ನ ನಿಲುವು ಇಬ್ಬಗೆಯದು. ಗುದ್ದಿ ತೋರಿಸಿದ್ದು ನ್ಯಾಯವೇ. ಜೀವದ ವಿಷಯದಲ್ಲಿ ಊರಭಿಮಾನಕ್ಕೆ ಜಾಗವಿಲ್ಲ. ಆದರೆ ಅದೇ ಬಳಗದ ಜೆರೆಮಿ ಕ್ಲಾರ್ಕ್‌ಸನ್ ಟೀವಿಯಲ್ಲಿ ಕೂತು ಕಾರಿನ ಆಕಾರ, ವೇಗ ಎಲ್ಲವನ್ನೂ ವರ್ಷಗಟ್ಟಲೆ ಗೇಲಿ ಮಾಡಿದ್ದು ಕಂಡರೆ ಮೈ ಉರಿಯುತ್ತದೆ. ಮೂರು ಚಕ್ರದ, ರಿವರ್ಸ್ ಇಲ್ಲದ, ಮೂತಿಯಲ್ಲಿ ಬಾಗಿಲಿಟ್ಟ ಕಾರುಗಳನ್ನು ತೆರಿಗೆಯ ಆಸೆಗೆ ಓಡಿಸಿದ ದೇಶದವರು ನಗುವ ಮುಂಚೆ ಸ್ವಲ್ಪ ಅಜ್ಜನ ಗ್ಯಾರೇಜು ನೋಡಬೇಕಿತ್ತು. ಅಜ್ಜ ಮಾಡಿದ್ದನ್ನೇ ಮೊಮ್ಮಗ ಮಾಡಿದ. ಅಜ್ಜ ಟ್ಯಾಮ್‌ವರ್ತಿನದು ಕೊಂಡ, ಮೊಮ್ಮಗ ಬೊಮ್ಮಸಂದ್ರದ್ದು ಕೊಂಡ, ಅಷ್ಟೇ.

ರೇವಾ 2010ರಲ್ಲಿ ಮಹೀಂದ್ರಾದ ಕೈಸೇರಿತು. 2013ರಲ್ಲಿ ಇ2ಒ ಎಂಬ ಹೊಸ ಕಾರು ಬಂತು, ಹೋಯಿತು. ಎಲೆಕ್ಟ್ರಿಕ್ ವಾಹನಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಎಂದು ಕರ್ನಾಟಕ ಬೀಗಿದ್ದು 2017ರಲ್ಲಿ. ಹಸಿರು ನಂಬರ್ ಪ್ಲೇಟು ಬಂದದ್ದು 2018ರಲ್ಲಿ. ಕಾರು ಮೊದಲು ಬಂತು, ಕಾನೂನು ತಡವಾಗಿ ಬಂತು. ಹಾಗೆ ಬಂದ ಕಾನೂನಿನ ಫಲ ಉಂಡವರು ಬೇರೆಯವರು.

ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ದೇಶದಲ್ಲೇ ಭಾರಿ ಎಂದು ಹೆಸರಾದದ್ದು. ಬೆಲೆ ಏರಿದ ಹಾಗೆ ಶೇಕಡಾ 13ರಿಂದ 18ರವರೆಗೂ ಏರುತ್ತ ಬಂದಿದೆ. ಪುದುಚೇರಿಯ ನಂಬರ್ ಹೊತ್ತ ಕೋಟಿ ಬೆಲೆಯ ಕಾರುಗಳು ಸದಾಶಿವನಗರದಲ್ಲಿ ಓಡಾಡುವುದು ಸಮುದ್ರದ ಮೇಲಿನ ಪ್ರೀತಿಗಲ್ಲ. ಇದೇ ತೆರಿಗೆ ಎಲೆಕ್ಟ್ರಿಕ್ ಕಾರಿಗೆ ಇಲ್ಲವೆಂದಾಗ ಕೆಲವರು ಏಕಾಏಕಿ ಪರಿಸರವಾದಿಗಳಾದರು. 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇಕಡಾ ಹತ್ತರ ತೆರಿಗೆ ಬಂದಾಗ ಆ ಪರಿಸರಪ್ರೇಮಕ್ಕೆ ಒಂದು ಗೆರೆ ಬಿತ್ತು.

ನಮ್ಮ ನಿಮ್ಮಂಥವರ ಕಾರಿಗೆ ಗೆರೆ ಎಳೆದದ್ದು 2006ರ ಕೇಂದ್ರ ಬಜೆಟ್. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲಾದರೆ ಎಂಜಿನ್ 1,200 ಸಿಸಿ, ಡೀಸೆಲ್ಲಾದರೆ 1,500 ಸಿಸಿ ಒಳಗಿರಬೇಕು. ಅಂಥ ಕಾರಿನ ಅಬಕಾರಿ ಸುಂಕ ಶೇಕಡಾ 24ರಿಂದ 16ಕ್ಕೆ ಇಳಿಯಿತು. ಜಗತ್ತಿನಲ್ಲಿ ಎಲ್ಲೂ ಇಲ್ಲದ ಒಂದು ಪ್ರಾಣಿ ಇದರಿಂದ ಹುಟ್ಟಿತು: ಬಾಲ ಕತ್ತರಿಸಿದ ಸೆಡಾನ್. ಭಾರತೀಯನಿಗೆ ಡಿಕ್ಕಿ ಬೇಕು, ಡಿಕ್ಕಿ ಇಲ್ಲದ್ದು ಕಾರಲ್ಲ ಎಂಬ ಭಾವ. ಸರ್ಕಾರಕ್ಕೆ ನಾಲ್ಕು ಮೀಟರ್ ಬೇಕು. ಟಾಟಾದವರು 2008ರಲ್ಲಿ ಇಂಡಿಗೊವನ್ನು ಕತ್ತರಿಸಿ ಸಿಎಸ್ ಮಾಡಿದರು. ಮಾರುತಿಯ ಡಿಜೈರ್ ಹುಟ್ಟುವಾಗ 4.16 ಮೀಟರ್ ಇತ್ತು. 2012ರಲ್ಲಿ ಅದಕ್ಕೂ ಕತ್ತರಿ ಬಿದ್ದು 3,995 ಮಿ.ಮೀ. ಆಯಿತು. ಈಗಿನ ಬ್ರೆಝಾ ಅಳೆಯಿರಿ, ವೆನ್ಯೂ ಅಳೆಯಿರಿ, ನೆಕ್ಸಾನ್ ಅಳೆಯಿರಿ. ಬೇರೆ ಬೇರೆ ಕಂಪನಿ, ಬೇರೆ ಬೇರೆ ದೇಶದ ವಿನ್ಯಾಸಕಾರರು, ಉದ್ದ ಮಾತ್ರ ಅದೇ 3,995. ಆ ಐದು ಮಿಲಿಮೀಟರ್ ಬಿಟ್ಟದ್ದು ಅಳೆಯುವವನ ಕೈ ನಡುಗಿದರೆ ಇರಲಿ ಎಂದಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಬದಲಾದಾಗಲೂ ಗೆರೆ ಕದಲಲಿಲ್ಲ. ಒಳಗಿದ್ದವರಿಗೆ ಶೇಕಡಾ 18, ಹೊರಗಿದ್ದವರಿಗೆ 40.

ಮೊನ್ನೆ ವಿಮಾನ ನಿಲ್ದಾಣದಿಂದ ಬರುವಾಗ ಹತ್ತಿದ ಕ್ಯಾಬು ಡಿಜೈರ್. ಡಿಕ್ಕಿ ತೆಗೆದರೆ ಒಳಗೆ ಸಿಎನ್‌ಜಿ ಸಿಲಿಂಡರು ಮಲಗಿತ್ತು. ಅರ್ಧ ಡಿಕ್ಕಿಯನ್ನು ಬಜೆಟ್ ತಿಂದಿತ್ತು, ಉಳಿದರ್ಧವನ್ನು ಸಿಲಿಂಡರು. ನನ್ನ ಎರಡು ಸೂಟ್‌ಕೇಸನ್ನು ಚಾಲಕರು ನೆತ್ತಿಯ ಮೇಲಿನ ಕ್ಯಾರಿಯರಿಗೆ ಎತ್ತಿ ಹಗ್ಗ ಬಿಗಿದರು. "ಇದೇ ಗಾಡಿ ಯಾಕೆ ತಗೊಂಡ್ರಿ ಅಣ್ಣಾ?" ಅಂದೆ. "ಡಿಕ್ಕಿ ಇದೆಯಲ್ಲ ಸಾರ್, ಏರ್‌ಪೋರ್ಟ್ ಟ್ರಿಪ್ಪಿಗೆ ಡಿಕ್ಕಿ ಗಾಡಿನೇ ಬೇಕು" ಅಂದರು.